ಕಸ ಯಾವುದು, ಕಾಗದ ಯಾವುದು?

ಕಳೆದ ಶ್ರಾವಣ ಮಾಸದ ಒಂದು ಸಂಜೆ. ಗೋಕಾಕಿನಲ್ಲಿ ಬೆಳಗಿನಿಂದ ಹಿಡಿದ ಜಿಟಿಜಿಟಿ ಮಳೆ ಇನ್ನೂ ಬಿಟ್ಟಿರಲಿಲ್ಲ. ಬರೆದು ಮುಗಿಸಿದ ಒಂದು ಲೇಖನವನ್ನು ಗಣಕಯಂತ್ರದಲ್ಲಿ ಉಳಿಸಲು ಹೋದಾಗ ಡಿಸ್ಕಿನಲ್ಲಿ ಸ್ಥಳವಿಲ್ಲವೆಂಬ ಸೂಚನೆ ತೆರೆಯ ಮೇಲೆ ಮೂಡಿತು. ನೋಡಿದರೆ ‘ಸಿ’ ಡ್ರೈವಿನ ಪಟ್ಟಿ ನೀಲಿಯಿಂದ ಕೆಂಪಿಗೆ ತಿರುಗಿತ್ತು. 256 ಜಿಬಿಯಲ್ಲಿ ಉಳಿದದ್ದು ಒಂದು ಜಿಬಿಗೂ ಕಡಿಮೆ. ನಾನು ಚಲನಚಿತ್ರಗಳನ್ನು ಕೂಡಿಸಿಡುವವನಲ್ಲ, ಆಟಗಳನ್ನು ಆಡುವವನೂ ಅಲ್ಲ. ಎಪ್ಪತ್ತು ದಾಟಿದ ಮಾಸ್ತರನೊಬ್ಬನ ಯಂತ್ರ ತುಂಬಿ ತುಳುಕುವುದೆಂದರೇನು?

ಅದರಲ್ಲಿ ಇದ್ದದ್ದು ಏನೆಂಬುದನ್ನು ಮೊದಲು ಹೇಳಬೇಕು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಊರಿನ ತಗ್ಗಿನ ಓಣಿಗಳನ್ನು ನುಂಗಿದಾಗ ನಮ್ಮ ಮನೆಯೊಳಗೂ ನೀರು ನಿಂತಿತ್ತು. ಕಾಳುಕಡಿ ಹೋದವು, ಹಾಸಿಗೆ ಹೋದವು; ಅವನ್ನು ಮತ್ತೆ ಕೊಳ್ಳಬಹುದು. ಆದರೆ ಟ್ರಂಕಿನಲ್ಲಿದ್ದ ನಾಲ್ವತ್ತು ವರ್ಷಗಳ ಕಾಗದಗಳು ಕೆಸರಿನ ಮುದ್ದೆಯಾಗಿದ್ದವು. ತಂದೆಯವರ ಪತ್ರಗಳು, ಶಾಲೆಯ ಸ್ನೇಹಸಮ್ಮೇಳನದ ಭಾವಚಿತ್ರಗಳು, ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡಿದ್ದ ಬೀಸುವ ಪದಗಳ ವಹಿಗಳು. ಒಂದೊಂದೇ ಹಾಳೆಯನ್ನು ಬಿಡಿಸಿ, ನೆರಳಿನಲ್ಲಿ ಒಣಗಿಸಿ, ಓದಲು ಬಂದಷ್ಟನ್ನು ಸ್ಕ್ಯಾನ್ ಮಾಡಿ ಗಣಕಯಂತ್ರದಲ್ಲಿ ಇಟ್ಟೆ. ಮೂಲ ಹಾಳೆಗಳು ಮುಂದೆ ಬೂಷ್ಟು ಹಿಡಿದು ಪುಡಿಯಾದವು. ಹೀಗಾಗಿ ಇಂದು ಆ ಪದಗಳು, ಆ ಪತ್ರಗಳು ಇರುವುದು ಆ ಯಂತ್ರದಲ್ಲಿ ಮಾತ್ರ. ಅವೆಲ್ಲ ಸೇರಿ ಹಿಡಿದ ಜಾಗ ಕೇವಲ 4 ಜಿಬಿ.

ಮರುದಿನ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಒಂದು ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಒಂದು ನಿಮಿಷ ನೋಡಿ ತೀರ್ಪು ಕೊಟ್ಟ: “ಏನಿಲ್ರಿ ಸರ್ರ, ಫಾರ್ಮ್ಯಾಟ್ ಹೊಡದು ಹೊಸಾ ವಿಂಡೋಸ್ ಹಾಕಿಬಿಟ್ರ ಹೊಸಾದರಂಗ ಆಗತೈತ್ರಿ. ಸಂಜೀಕ ಬಂದು ಒಯ್ರಿ.”

“ಒಳಗಿನ ಕಾಗದಪತ್ರ ಏನಾಗತಾವಪಾ?”

“ಬೇಕಾದ್ದು ಪೆನ್ ಡ್ರೈವಿನ್ಯಾಗ ಹಾಕ್ಕೊಂಡು ಬರ್ರಿ. ಉಳದದ್ದೆಲ್ಲಾ ಕಸಾನ ಅಲ್ಲೇನ್ರಿ?”

ಹುಡುಗನ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಆದರೆ ‘ಉಳಿದದ್ದೆಲ್ಲ ಕಸ’ ಎಂಬ ಮಾತು ನನಗೆ ನಟ್ಟಿತು. ಯಂತ್ರವನ್ನು ಮತ್ತೆ ಚೀಲಕ್ಕೆ ಸೇರಿಸಿ ಮನೆಗೆ ಬಂದೆ. ಹಾಗೆ ಬರಲು ಕಾರಣ ಮೂಡಲಗಿಯ ನನ್ನ ಗೆಳೆಯ.

ನಾವಿಬ್ಬರೂ ಮೂಡಲಗಿಯ ಕಡೆಯ ಒಂದೇ ಶಾಲೆಯಲ್ಲಿ ಮಾಸ್ತರಿಕೆ ಆರಂಭಿಸಿದವರು. ಅವನ ಹೆಂಡತಿ ಒಳ್ಳೆಯ ಕಂಠದವರು, ದಾಸರ ಪದಗಳನ್ನು ಹಾಡುತ್ತಿದ್ದರು. ಅವರು ತೀರಿಕೊಳ್ಳುವ ಮುಂಚಿನ ವರ್ಷ ಮಗಳು ಆ ಹಾಡುಗಳನ್ನು ಫೋನಿನಲ್ಲಿ ಮುದ್ರಿಸಿ ತಂದೆಗೆ ವಾಟ್ಸ್ಯಾಪಿನಲ್ಲಿ ಕಳಿಸಿದ್ದಳು. ಅವನು ಅವನ್ನು ಗಣಕಯಂತ್ರದಲ್ಲಿ ಇಳಿಸಿಕೊಂಡಿದ್ದ. ಇಳಿಸಿಕೊಂಡದ್ದು ಎಲ್ಲಿಗೆ ಹೋಗಿ ಕೂಡುತ್ತದೆಂದು ಅವನಿಗೆ ತಿಳಿದಿರಲಿಲ್ಲ. ನಮ್ಮಲ್ಲಿ ಎಷ್ಟು ಜನರಿಗೆ ತಿಳಿದಿದೆ? ಅದು ‘ಡೌನ್‌ಲೋಡ್ಸ್’ ಎಂಬ ಫೋಲ್ಡರಿನಲ್ಲಿ ಕೂಡುತ್ತದೆ.

2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ಪರಿಷ್ಕರಣೆಯಲ್ಲಿ ‘ಡಿಸ್ಕ್ ಕ್ಲೀನ್‌ಅಪ್’ ಎಂಬ ಹಳೆಯ ಶುಚಿಗೊಳಿಸುವ ಸಾಧನದ ಪಟ್ಟಿಗೆ ಈ ಡೌನ್‌ಲೋಡ್ಸ್ ಫೋಲ್ಡರನ್ನೂ ಸೇರಿಸಿದ್ದರು. ಯಂತ್ರ ತಾನಾಗಿ ಅದಕ್ಕೆ ಗುರುತು ಹಾಕುತ್ತಿರಲಿಲ್ಲ. ಆದರೆ ಪಟ್ಟಿಯಲ್ಲಿ ಇದ್ದದ್ದೆಲ್ಲ ಕಸವೆಂದು ತಿಳಿದು ಮೇಲಿನಿಂದ ಕೆಳಗಿನವರೆಗೆ ಗುರುತು ಹಾಕುವವರು ಇದ್ದೇ ಇದ್ದರು. ನನ್ನ ಗೆಳೆಯ ಅಂಥವರಲ್ಲಿ ಒಬ್ಬ. “ಕಸ ಅಂದಮ್ಯಾಲ ಕಸ, ಎಲ್ಲಾ ಹೋಗ್ಲಿ ಅಂತ ಟಿಕ್ ಹೊಡದ್ನೋ” ಎಂದು ಅವನು ಹೇಳಿದಾಗ ಅವನ ದನಿ ಸಣ್ಣದಾಗಿತ್ತು. ಹೀಗೆ ಅಳಿಸಿದ ಕಡತಗಳು ಕಸದ ಬುಟ್ಟಿಗೂ ಹೋಗುವುದಿಲ್ಲ, ನೇರವಾಗಿ ಮಾಯವಾಗುತ್ತವೆ. ಅಷ್ಟರಲ್ಲಿ ಮಗಳ ಫೋನೂ ಬದಲಾಗಿತ್ತು. 2020ರ ಆವೃತ್ತಿಯಲ್ಲಿ ಆ ಸಾಧನದ ಪಟ್ಟಿಯಿಂದ ಡೌನ್‌ಲೋಡ್ಸನ್ನು ತೆಗೆದುಹಾಕಿದರು. ಹಾಡುಗಳು ಮಾತ್ರ ತಿರುಗಿ ಬರಲಿಲ್ಲ.

ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ತೋರಿದ್ದು ಇಷ್ಟು. ನಮ್ಮ ತೊಂದರೆ ಸ್ಥಳದ್ದಲ್ಲ, ವಿವೇಚನೆಯದು. ಒಂದು ವರ್ಗದವರು ಏನನ್ನೂ ಮುಟ್ಟಲು ಹೆದರಿ ಯಂತ್ರ ಉಸಿರುಗಟ್ಟುವವರೆಗೆ ಸುಮ್ಮನಿರುತ್ತಾರೆ. ಇನ್ನೊಂದು ವರ್ಗದವರು ಎಲ್ಲವನ್ನೂ ಒಮ್ಮೆಲೇ ಗುಡಿಸಿ ಹಾಕುತ್ತಾರೆ. ಇವರಿಬ್ಬರ ನಡುವೆ ಒಂದು ದಾರಿಯುಂಟು. ನಮ್ಮ ಕನ್ನಡ ಶಾಲೆಗಳ ಹೆಡ್ ಮಾಸ್ತರರು ಆ ದಾರಿಯನ್ನು ಎಂದೋ ಬಲ್ಲವರಾಗಿದ್ದರು.

ಶಾಲೆಯ ದಫ್ತರಿನ ಕಪಾಟನ್ನು ನೆನೆಯಿರಿ. ನಮ್ಮ ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಮಕ್ಕಳ ಹೆಸರು, ಜನ್ಮದಿನಾಂಕ ಬರೆಯುವ ಪುಸ್ತಕಕ್ಕೆ ನಮ್ಮಲ್ಲಿ ‘ಜನರಲ್ ರಿಜಿಸ್ಟರ್’ ಎಂದೇ ಹೆಸರು. ಅದು ಎಂದಿಗೂ ನಾಶ ಮಾಡಬಾರದ ದಾಖಲೆ. ಹಾಜರಿ ಪುಸ್ತಕವನ್ನು ಕೆಲವು ವರ್ಷ ಇಡಬೇಕು. ಬಂದುಹೋದ ಸಾಮಾನ್ಯ ಸುತ್ತೋಲೆಗಳನ್ನು ಅವಧಿ ಮುಗಿದ ಮೇಲೆ ತೆಗೆಯಬಹುದು. ಕಪಾಟು ತುಂಬಿದಾಗ ಹೆಡ್ ಮಾಸ್ತರರು ಕಪಾಟಿಗೆ ಬೆಂಕಿ ಇಡುತ್ತಿರಲಿಲ್ಲ. ಒಂದೊಂದೇ ಕಟ್ಟು ಬಿಚ್ಚಿ, ಓದಿ, ವಿಂಗಡಿಸಿ, ನಾಶ ಮಾಡಿದ್ದನ್ನು ಪಟ್ಟಿ ಮಾಡುತ್ತಿದ್ದರು. ಗಣಕಯಂತ್ರಕ್ಕೂ ಬೇಕಾದದ್ದು ಇದೇ.

ನಾನೂ ಹಾಗೆ ಕಟ್ಟು ಬಿಚ್ಚಿದೆ. ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಅದರಲ್ಲಿ ಸ್ಟೋರೇಜ್, ಅದರಲ್ಲಿ ಟೆಂಪೊರರಿ ಫೈಲ್ಸ್. ಯಾವ ಬಗೆಯ ಕಡತ ಎಷ್ಟು ಜಾಗ ಹಿಡಿದಿದೆ ಎಂಬ ಪಟ್ಟಿ ತೆರೆಯಿತು. ಅದರಲ್ಲಿ ‘ವಿಂಡೋಸ್ ಎರರ್ ರಿಪೋರ್ಟ್ಸ್’ ಎಂಬ ಸಾಲಿನ ಮುಂದಿದ್ದ ಅಂಕಿ ನೋಡಿ ಬೆರಗಾದೆ: 26 ಜಿಬಿ! ನನ್ನ ನಾಲ್ವತ್ತು ವರ್ಷಗಳ ಬಾಳಿನ ಕಾಗದಗಳಿಗೆ 4 ಜಿಬಿ, ಯಂತ್ರದ ತಪ್ಪುಗಳ ವರದಿಗೆ 26 ಜಿಬಿ.

ಇವು ಏನೆಂದು ಓದಿ ತಿಳಿದುಕೊಂಡದ್ದನ್ನು ಸರಳವಾಗಿ ಹೇಳುತ್ತೇನೆ. ಯಾವುದೇ ಪ್ರೋಗ್ರಾಮ್ ನಡುವೆ ಮುಗ್ಗರಿಸಿ ಬಿದ್ದಾಗ, ಬೀಳುವ ಹೊತ್ತಿಗೆ ಅದು ಏನು ಮಾಡುತ್ತಿತ್ತು, ಅದರ ಸ್ಮೃತಿಯಲ್ಲಿ ಏನಿತ್ತು ಎಂಬುದನ್ನು ವಿಂಡೋಸ್ ಪಂಚನಾಮೆಯಂತೆ ಬರೆದಿಡುತ್ತದೆ. ಹಳೆಯ ವಿಂಡೋಸಿನಲ್ಲಿ ಈ ಕೆಲಸ ಮಾಡುತ್ತಿದ್ದ ಸಾಧನಕ್ಕೆ ಷರ್ಲಾಕ್ ಹೋಮ್ಸನ ಗೆಳೆಯನ ಹೆಸರನ್ನೇ ಇಟ್ಟು ‘ಡಾ. ವಾಟ್ಸನ್’ ಎಂದು ಕರೆದಿದ್ದರು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗಿನಿಂದ ಈ ವರದಿಗಳನ್ನು ಅಂತರ್ಜಾಲದ ಮೂಲಕ ಮೈಕ್ರೋಸಾಫ್ಟ್ ಸಂಸ್ಥೆಗೆ ಕಳಿಸುವ ವ್ಯವಸ್ಥೆ ಬೆಳೆಯಿತು. ಇದು ವ್ಯರ್ಥದ ಕೆಲಸವಲ್ಲ. ಆಗ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಸ್ಟೀವ್ ಬಾಮರ್ 2002ರಲ್ಲಿ ಗ್ರಾಹಕರಿಗೆ ಬರೆದ ಪತ್ರದಲ್ಲಿ, ಈ ವರದಿಗಳಿಂದ ಕಲಿತ ಒಂದು ಸಂಗತಿಯನ್ನು ತಿಳಿಸಿದ್ದರು: ಶೇಕಡಾ 20ರಷ್ಟು ದೋಷಗಳೇ ಶೇಕಡಾ 80ರಷ್ಟು ತೊಂದರೆಗಳಿಗೆ ಮೂಲ, ಅದರಲ್ಲೂ ಶೇಕಡಾ ಒಂದರಷ್ಟು ದೋಷಗಳೇ ಅರ್ಧದಷ್ಟು ತೊಂದರೆಗೆ ಕಾರಣ. ಒಂದು ತರಗತಿಯ ಉತ್ತರಪತ್ರಿಕೆಗಳನ್ನು ತಿದ್ದಿದ ಯಾವ ಮಾಸ್ತರನಿಗೂ ಈ ಮಾತು ಹೊಸದೆನಿಸದು.

ಇನ್ನೂ ಕಳಿಸಬೇಕಾದ ವರದಿಗಳು ಒಂದು ಸಾಲಿನಲ್ಲಿ, ಮುಗಿದವು ಇನ್ನೊಂದು ಕಡತಕೋಶದಲ್ಲಿ ಕೂಡುತ್ತವೆ. ಸಾಮಾನ್ಯವಾಗಿ ಇವು ಕೆಲವು ಎಂಬಿಗಳಲ್ಲಿ ಮುಗಿಯುತ್ತವೆ. ಆದರೆ ಒಂದೇ ಪ್ರೋಗ್ರಾಮ್ ಪದೇ ಪದೇ ಬಿದ್ದು, ಪ್ರತಿ ಸಲವೂ ತನ್ನ ಸ್ಮೃತಿಯ ಪೂರ್ತಿ ಪ್ರತಿಯನ್ನು ಬಿಟ್ಟುಹೋದರೆ ಜಿಬಿಗಟ್ಟಲೆ ಬೆಳೆಯುತ್ತವೆ. ಯಂತ್ರವೇ ಪೂರ್ತಿ ನೀಲಿ ತೆರೆ ತೋರಿಸಿ ನಿಂತಾಗ ಹುಟ್ಟುವ ‘ಮೆಮೊರಿ ಡಂಪ್’ ಎಂಬ ಕಡತವೂ ಇದೇ ಜಾತಿಯದು, ಗಾತ್ರದಲ್ಲಿ ಇನ್ನೂ ದೊಡ್ಡದು.

ಇವನ್ನು ಅಳಿಸಿದರೆ ಯಂತ್ರಕ್ಕೆ ಬಾಧೆಯಿಲ್ಲ. ಯಂತ್ರ ಓಡಲು ಇವುಗಳ ಅಗತ್ಯವಿಲ್ಲ; ಬಿದ್ದದ್ದರ ಕಾರಣ ಹುಡುಕುವವರಿಗೆ ಮಾತ್ರ ಇವು ಬೇಕು. ಅಳಿಸಲು ಇನ್ನೊಂದು ಕಾರಣವೂ ಉಂಟು. ಸ್ಮೃತಿಯ ಪ್ರತಿ ಎಂದಮೇಲೆ ಆ ಕ್ಷಣದಲ್ಲಿ ನೀವು ಬರೆಯುತ್ತಿದ್ದ ಪತ್ರದ ತುಣುಕೋ, ಬ್ಯಾಂಕಿನ ವಿವರವೋ ಅದರಲ್ಲಿ ಸೇರಿರಬಹುದು. ಅಂಥದ್ದನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವುದು ಜಾಣತನವಲ್ಲ.

ಮಾಡುವ ಕ್ರಮ ಕಷ್ಟದ್ದಲ್ಲ. ಮೇಲೆ ಹೇಳಿದ ಪಟ್ಟಿಯಲ್ಲಿ ಮೊದಲು ಎಲ್ಲ ಗುರುತುಗಳನ್ನೂ ತೆಗೆಯಿರಿ. ಅನಂತರ ಎರರ್ ರಿಪೋರ್ಟ್ಸ್ ಸಾಲಿಗೆ ಮಾತ್ರ ಗುರುತು ಹಾಕಿ, ‘ರಿಮೂವ್ ಫೈಲ್ಸ್’ ಒತ್ತಿರಿ. ಡೌನ್‌ಲೋಡ್ಸ್ ಎಂಬ ಸಾಲು ಈ ಪಟ್ಟಿಯಲ್ಲಿ ಇಂದಿಗೂ ಇದೆ, ಅದನ್ನು ಮುಟ್ಟಬೇಡಿರಿ. ಹಳೆಯ ಡಿಸ್ಕ್ ಕ್ಲೀನ್‌ಅಪ್ ಬಳಸುವವರು ‘ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್’ ಎಂಬ ಗುಂಡಿಯನ್ನು ಒತ್ತಿದರೆ ಮಾತ್ರ ವ್ಯವಸ್ಥೆಯ ವರದಿಗಳೂ ಮೆಮೊರಿ ಡಂಪೂ ಪಟ್ಟಿಗೆ ಬರುತ್ತವೆ. ವಿಂಡೋಸ್ ಫೋಲ್ಡರಿನೊಳಗೆ ಕೈಹಾಕಿ ಸಿಕ್ಕದ್ದನ್ನು ಅಳಿಸುವ ಸಾಹಸ ಬೇಡ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಶುಚಿಗೊಳಿಸುವ ಪ್ರೋಗ್ರಾಮುಗಳೂ ಬೇಡ. ಜಗತ್ತಿನಾದ್ಯಂತ ಬಳಕೆಯಲ್ಲಿದ್ದ ಸಿಸಿಕ್ಲೀನರ್ ಎಂಬ ಅಂಥ ಪ್ರೋಗ್ರಾಮಿನ ಒಂದು ಆವೃತ್ತಿಯೊಳಗೇ 2017ರಲ್ಲಿ ಕಳ್ಳರು ದುಷ್ಟ ತಂತ್ರಾಂಶವನ್ನು ಸೇರಿಸಿದ್ದರು. 22 ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಅದು ತಲುಪಿತ್ತು. ಕಸ ಗುಡಿಸಲು ಕರೆದವನೇ ಕಳ್ಳನಿಗೆ ಬಾಗಿಲು ತೆರೆದಂತಾಯಿತು.

ಅಂದು ನಾನು ಆ 26 ಜಿಬಿಯನ್ನು ಅಳಿಸಿದೆ. ಕೆಂಪು ಪಟ್ಟಿ ನೀಲಿಯಾಯಿತು. ಒಂದು ರೂಪಾಯಿ ಖರ್ಚಾಗಲಿಲ್ಲ, ಒಂದು ಹಾಳೆ ಕಳೆಯಲಿಲ್ಲ. ಅಂಗಡಿಯ ಹುಡುಗನಿಗಿಂತ ನಾನೇ ಜಾಣನೆಂಬ ಬಿಗುಮಾನವೂ ಬಂತು. ಅದು ಇಳಿದದ್ದು ನವೆಂಬರಿನಲ್ಲಿ.

ಹುಕ್ಕೇರಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಶಿಕ್ಷಕರಾಗಿದ್ದಾರೆ. ರಾಜ್ಯೋತ್ಸವಕ್ಕೆ ಮಾತನಾಡಲು ಕರೆದಿದ್ದರು. ಗೋಕಾಕಿನಿಂದ ಬಂದವನಾದ್ದರಿಂದ ಗೋಕಾಕ್ ವರದಿಯ ಕಥೆಯನ್ನೇ ಹೇಳಿದೆ. 1981ರಲ್ಲಿ ವಿ. ಕೃ. ಗೋಕಾಕರ ಸಮಿತಿ ಪ್ರೌಢಶಾಲೆಗಳಲ್ಲಿ ಕನ್ನಡದ ಸ್ಥಾನವನ್ನು ಕುರಿತು ಸರಕಾರಕ್ಕೆ ವರದಿ ಕೊಟ್ಟದ್ದು, ಅದು ಜಾರಿಯಾಗದೆ ಇದ್ದಾಗ 1982ರಲ್ಲಿ ಡಾ. ರಾಜಕುಮಾರ್ ಅವರೂ ಸೇರಿ ನಾಡೇ ಬೀದಿಗಿಳಿದದ್ದು. ವರದಿ ಬರೆದಿಟ್ಟರೆ ಸಾಲದು, ಅದನ್ನು ಓದಿ ನಡೆಯುವವರು ಬೇಕು ಎಂದು ಮಾತು ಮುಗಿಸಿದೆ.

ಬಳಿಕ ಮಕ್ಕಳು ತಮ್ಮ ಗಣಕಯಂತ್ರದ ಕೋಣೆಯನ್ನು ತೋರಿಸಿದರು. ಅವರಿಗೆ ಚಿತ್ರ ಬರೆಯಲು ಬರುತ್ತದೆ, ಸ್ಲೈಡು ಮಾಡಲು ಬರುತ್ತದೆ. ಮಾಡಿದ್ದು ಎಲ್ಲಿ ಉಳಿಯುತ್ತದೆಂದು ಕೇಳಿದರೆ ಒಬ್ಬರಿಗೂ ತಿಳಿಯದು. ನನ್ನ 26 ಜಿಬಿಯ ಕಥೆಯನ್ನು ಹೆಮ್ಮೆಯಿಂದ ಹೇಳಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ್, ತಪ್ಪಿನ ವರದಿ ಅಳಿಸಿದ್ರ ತಪ್ಪು ಹೋಗತೈತೇನ್ರಿ?”

ನಾನು ತಡವರಿಸಿದೆ. ಅಂದು ಬೆಳಿಗ್ಗೆಯಷ್ಟೇ ನೋಡಿದ್ದೆ. ಅಳಿಸಿ ಮೂರು ತಿಂಗಳಾಗಿರಲಿಲ್ಲ, ಆಗಲೇ ಮತ್ತೆ 5 ಜಿಬಿ ವರದಿ ಕೂಡಿತ್ತು. ಓದದೆ ಇಟ್ಟ ವರದಿಯ ಬಗ್ಗೆ ಸಭೆಯಲ್ಲಿ ಭಾಷಣ ಮಾಡಿದ ನಾನೇ, ನನ್ನ ಯಂತ್ರದ ವರದಿಯನ್ನು ಓದದೆ ಸುಟ್ಟಿದ್ದೆ.

ಆ ಮಕ್ಕಳಿಗೆ ತಿಳಿಯುವ ಉದಾಹರಣೆ ಅವರ ತಾಲೂಕಿನಲ್ಲೇ ಇತ್ತು. ಹಿಡಕಲ್ ಜಲಾಶಯದ ಸಾಮರ್ಥ್ಯ 51 ಟಿಎಂಸಿ ಎಂದು ಅವರು ಪಾಠದಂತೆ ಬಾಯಿಬಿಟ್ಟು ಹೇಳಬಲ್ಲರು. ಯಾವ ಜಲಾಶಯವಾದರೂ ಮೇಲಿನ ಹೊಲಗಳ ಮಣ್ಣು ಕೊಚ್ಚಿ ಬಂದು ಹೂಳು ತುಂಬಿದರೆ ನೀರಿಗೆ ಜಾಗ ಕಡಿಮೆಯಾಗುತ್ತದೆ. ಹೂಳೆತ್ತಬಹುದು. ಆದರೆ ಮೇಲೆ ಒಡ್ಡು ಹಾಕಿ, ಗಿಡ ನೆಟ್ಟು, ಮಣ್ಣು ಹಿಡಿದು ನಿಲ್ಲಿಸದಿದ್ದರೆ ಎತ್ತಿದಷ್ಟೂ ಮತ್ತೆ ಬರುತ್ತದೆ. “ವರದಿ ಅಳಿಸಿದ್ರ ಜಾಗ ಸಿಗತೈತಿ, ತಪ್ಪು ಹೋಗೂದಿಲ್ಲವಾ. ನೀ ಕೇಳಿದ್ದು ಬರೊಬ್ಬರಿ ಐತಿ” ಎಂದು ಒಪ್ಪಿಕೊಂಡೆ.

ಮನೆಗೆ ಬಂದು ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ. ವಿಂಡೋಸಿನಲ್ಲಿ ‘ರಿಲಯಬಿಲಿಟಿ ಹಿಸ್ಟರಿ’ ಎಂಬ ಒಂದು ಪುಟವುಂಟು. ಹುಡುಕುವ ಪೆಟ್ಟಿಗೆಯಲ್ಲಿ ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಸಿಗುತ್ತದೆ. ಯಾವ ದಿನ ಯಾವ ಪ್ರೋಗ್ರಾಮ್ ಬಿತ್ತೆಂಬುದನ್ನು ಅದು ದಿನದರ್ಶಿಕೆಯಂತೆ ಕೆಂಪು ಗುರುತುಗಳಿಂದ ತೋರಿಸುತ್ತದೆ. ಅದನ್ನು ಓದಲು ತಂತ್ರಜ್ಞನಾಗಬೇಕಿಲ್ಲ, ಹಾಜರಿ ಪುಸ್ತಕ ಓದಲು ಬಂದರೆ ಸಾಕು. ದಿನವೂ ಒಂದೇ ಹೆಸರು. ಎಂದೋ ಕೊಂಡು, ಕೆಟ್ಟುಹೋಗಿ, ಗುಜರಿಗೆ ಹಾಕಿದ ಒಂದು ಪ್ರಿಂಟರಿನ ಸಹಾಯಕ ಪ್ರೋಗ್ರಾಮ್ ಅದು. ಯಜಮಾನ ಮನೆಯಲ್ಲಿಲ್ಲದಿದ್ದರೂ ದಿನವೂ ಬಾಗಿಲು ಬಡಿದು ಬೀಳುತ್ತಿತ್ತು. ಬಿದ್ದಾಗಲೆಲ್ಲ ಒಂದು ಪಂಚನಾಮೆ. ಆ ಪ್ರೋಗ್ರಾಮನ್ನು ಕ್ರಮವಾಗಿ ಅನ್‌ಇನ್‌ಸ್ಟಾಲ್ ಮಾಡಿದೆ. ಬಳಿಕ ಆ 5 ಜಿಬಿಯನ್ನು ಅಳಿಸಿದೆ. ಈಗ ತಿಂಗಳಿಗೊಮ್ಮೆ ನೋಡುತ್ತೇನೆ, ವರದಿಗಳು ಕೆಲವು ಎಂಬಿಗಳನ್ನು ದಾಟಿಲ್ಲ.

“ಇಷ್ಟೆಲ್ಲ ತಲೆನೋವು ಏಕೆ, ದೊಡ್ಡ ಡಿಸ್ಕ್ ಕೊಳ್ಳಬಾರದೇ?” ಎಂದು ಮಗ ಕೇಳುತ್ತಾನೆ. ಕೊಳ್ಳಬಹುದು. ಆದರೆ ವಿಂಗಡಿಸಲು ಬಾರದವನಿಗೆ ದೊಡ್ಡ ಕಪಾಟು ಕೊಟ್ಟರೆ ದೊಡ್ಡ ರಾಶಿಯಾಗುತ್ತದೆ, ಅಷ್ಟೇ. ಮೇಲಾಗಿ ಪಿಂಚಣಿಯಲ್ಲಿ ಬದುಕುವವರಿಗೂ ಹಳ್ಳಿಯ ಶಾಲೆಗಳಿಗೂ ಪ್ರತಿ ಸಲ ಹೊಸದನ್ನು ಕೊಳ್ಳುವುದು ಉತ್ತರವಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಗಣಕಯಂತ್ರ ಕಲಿಸುವ ಪ್ರತಿಯೊಂದು ಶಾಲೆಯಲ್ಲೂ ಬರೆಯುವುದನ್ನು ಕಲಿಸುವ ಮೊದಲ ವಾರದಲ್ಲೇ ಮೂರು ಸಂಗತಿಗಳನ್ನು ಕನ್ನಡದಲ್ಲಿ ಕಲಿಸಬೇಕು: ನಾವು ಮಾಡಿದ್ದು ಎಲ್ಲಿ ಉಳಿಯುತ್ತದೆ, ಯಂತ್ರ ಮಾಡಿಟ್ಟದ್ದು ಎಲ್ಲಿ ಕೂಡುತ್ತದೆ, ಇವುಗಳಲ್ಲಿ ಯಾವುದನ್ನು ಎಂದು ಅಳಿಸಬಹುದು. ರಿಪೇರಿ ಅಂಗಡಿಯವರು ಫಾರ್ಮ್ಯಾಟನ್ನು ಮೊದಲ ಔಷಧವಾಗಿ ಕೊಡದೆ ಕೊನೆಯ ಶಸ್ತ್ರಚಿಕಿತ್ಸೆಯಾಗಿ ಇಟ್ಟುಕೊಳ್ಳಬೇಕು. ನಮ್ಮಂಥ ಹಿರಿಯರು ಇದು ಹುಡುಗರ ವಿದ್ಯೆಯೆಂದು ಕೈಕಟ್ಟಿ ಕೂರಬಾರದು. ಕಸ ಯಾವುದು, ಕಾಗದ ಯಾವುದು ಎಂದು ತಿಳಿಯುವುದು ಅಕ್ಷರಜ್ಞಾನದ ಒಂದು ಭಾಗವೇ. ಅದನ್ನು ನಮ್ಮ ಪರವಾಗಿ ಇನ್ನೊಬ್ಬರು ತೀರ್ಮಾನಿಸಲಾರರು. ಯಂತ್ರದ ಕಣ್ಣಿಗೆ ಪ್ರಿಂಟರಿನ ಪಂಚನಾಮೆಯೂ ಒಂದು ಕಡತ, ಗೆಳೆಯನ ಹೆಂಡತಿಯ ಹಾಡೂ ಒಂದು ಕಡತ. ಎರಡಕ್ಕೂ ಇರುವ ಅಂತರ ಬಲ್ಲವನು ಮನುಷ್ಯ ಮಾತ್ರ.

ಬೀಸುವ ಪದಗಳ ಆ 4 ಜಿಬಿಯನ್ನು ಈಗ ಎರಡು ಬೇರೆ ಡಿಸ್ಕುಗಳಿಗೆ ಪ್ರತಿ ಮಾಡಿದ್ದೇನೆ. ಒಂದು ನನ್ನ ಕಪಾಟಿನ ಮೇಲಿನ ಅರೆಯಲ್ಲಿದೆ. ಇನ್ನೊಂದು ಹುಕ್ಕೇರಿಯ ಆ ಶಿಕ್ಷಕರ ಮನೆಯಲ್ಲಿ, ಘಟಪ್ರಭೆಯ ನೀರು ಮುಟ್ಟದ ದಿನ್ನೆಯ ಮೇಲಿದೆ. ಕಳೆದ ವಾರ ಮೂಡಲಗಿಗೆ ಹೋಗಿದ್ದೆ. ಗೆಳೆಯನ ಯಂತ್ರವೂ ತುಂಬಿತ್ತು. ಅವನು ಹೆದರಿ ಮುಟ್ಟಿರಲಿಲ್ಲ. ಇಬ್ಬರೂ ಪಕ್ಕದಲ್ಲಿ ಕುಳಿತು ಪಟ್ಟಿಯ ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಓದಿ, ಒಂದಕ್ಕೆ ಮಾತ್ರ ಗುರುತು ಹಾಕಿದೆವು. ಒತ್ತುವ ಮೊದಲು ಅವನು ನನ್ನ ಕೈ ಹಿಡಿದು, “ಇನ್ನೊಮ್ಮೆ ಓದೋ” ಎಂದ. ಇನ್ನೊಮ್ಮೆ ಓದಿದೆ.